ಶ್ಯಾಮಿ ಬಟ್ಟೆಯಿಂದ ಚುಕ್ಕಾಣಿವರೆಗೆ

ಊರಿಗೆ ಹೋದಾಗಲೆಲ್ಲ ಯಾರಾದರೂ ಕೇಳುತ್ತಾರೆ, "ಯಾಟಲ್ಲಿ ನಿಂದು ಎಂತ ಕೆಲಸ ಮಾರಾಯ?" "ಒರೆಸುವುದು" ಅನ್ನುತ್ತೇನೆ. ನಗುತ್ತಾರೆ. ನಾನು ಹೇಳಿದ್ದು ನಿಜವೇ. ಈಗ 23 ಮೀಟರಿನ ಹಾಯಿ ಯಾಟೊಂದಕ್ಕೆ, ಅಂದರೆ ವಿಹಾರ ನೌಕೆಗೆ, ಕ್ಯಾಪ್ಟನ್ ಆಗಿದ್ದರೂ ಬೆಳಿಗ್ಗೆ ಮೊದಲು ಕೈಗೆ ಬರುವುದು ಶ್ಯಾಮಿ ಬಟ್ಟೆ, ನೀರು ಹೀರಿ ಒರೆಸುವ ಮೆತ್ತನೆ ಬಟ್ಟೆ. ರಾತ್ರಿಯ ಇಬ್ಬನಿ ಹಾಗೇ ಒಣಗಿದರೆ ಗಾಜಿನ ಮೇಲೆ, ಸ್ಟೀಲಿನ ಮೇಲೆ ಉಪ್ಪಿನ ಕಲೆ ಕೂರುತ್ತದೆ. ಮಾಲೀಕರು ಕಾಫಿಗೆ ಮೇಲೆ ಬರುವಷ್ಟರಲ್ಲಿ ಅದು ಹೋಗಿರಬೇಕು.

ನಮ್ಮದು ಹೊನ್ನಾವರದ ಪಕ್ಕದ ಕಾಸರಕೋಡು. ಅಪ್ಪ ಮೀನು ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವ. ಶರಾವತಿ ಅಳಿವೆಯಲ್ಲಿ ಮರಳಿನ ದಿಬ್ಬ ಒಂದೇ ಕಡೆ ಇರುವುದಿಲ್ಲ. ಅಪ್ಪ ನೀರಿನ ಬಣ್ಣ ನೋಡಿ, ಅಲೆ ಎಲ್ಲಿ ಒಡೆಯುತ್ತದೆ ನೋಡಿ ಬೋಟು ಒಳಗೆ ತರುತ್ತಿದ್ದ. ನನಗೆ ಕಡಲು ಬೇಕಿತ್ತು, ಮೀನು ಬೇಕಿರಲಿಲ್ಲ. ಮುಂಬೈಯಲ್ಲಿ ಎಸ್‌ಟಿಸಿಡಬ್ಲ್ಯು ಕೋರ್ಸ್ ಮಾಡಿದೆ, ಹಡಗಿನಲ್ಲಿ ಕೆಲಸ ಮಾಡುವವರ ಸುರಕ್ಷತಾ ತರಬೇತಿ. ಬೆಂಕಿ ಆರಿಸುವುದು, ಲೈಫ್‌ರಾಫ್ಟ್ ಹತ್ತುವುದು, ಪ್ರಥಮ ಚಿಕಿತ್ಸೆ, ಇಷ್ಟೆ. ಅದಿಲ್ಲದೆ ಯಾವ ಯಾಟಿನವರೂ ಮಾತಾಡಿಸುವುದಿಲ್ಲ. 2004ರಲ್ಲಿ ದುಬೈಗೆ ಹೋದೆ.

ಎರಡು ವರ್ಷ ಬೋಟು ತೊಳೆದೆ. ತೊಳೆಯುವುದರಲ್ಲಿ ಕಲಿಯುವುದೇನು ಅನಿಸಬಹುದು. ತೇಗದ ಡೆಕ್ಕನ್ನು ಮರದ ಗೆರೆಯ ಉದ್ದಕ್ಕೆ ಉಜ್ಜಿದರೆ ಗೆರೆಗಳ ನಡುವಿನ ಮೆದು ಭಾಗ ಎದ್ದು ಹೋಗುತ್ತದೆ, ಕೆಲವೇ ವರ್ಷದಲ್ಲಿ ಡೆಕ್ಕು ಉಬ್ಬುತಗ್ಗಾಗುತ್ತದೆ. ಮೆತ್ತನೆ ಬ್ರಶ್ ಹಿಡಿದು ಅಡ್ಡಡ್ಡ ಉಜ್ಜಬೇಕು. ಮೊದಲ ವಾರ ನಾನು ಉದ್ದುದ್ದಕ್ಕೇ ಉಜ್ಜಿದ್ದೆ, ಅದೂ ಜೋರಾಗಿ. ಬೈಗುಳ ಇನ್ನೂ ನೆನಪಿದೆ.

2006ರಲ್ಲಿ ನಾನಿದ್ದ ಹಾಯಿ ಯಾಟು ಯುರೋಪಿನವರಿಗೆ ಮಾರಾಟವಾಯಿತು. ಅದನ್ನು ಮುಟ್ಟಿಸಲು ಜನ ಬೇಕಿತ್ತು, ನಾನು ಹತ್ತಿದೆ. ಒಮಾನಿನ ಸಲಾಲಾ ದಾಟಿ, ಕೆಂಪು ಸಮುದ್ರ ಹೊಕ್ಕು ಮೇಲಕ್ಕೆ. ಅದರ ಉತ್ತರದ ಅರ್ಧದಲ್ಲಿ ಗಾಳಿ ಹೆಚ್ಚುಕಡಿಮೆ ಯಾವಾಗಲೂ ಉತ್ತರದಿಂದಲೇ ಬರುತ್ತದೆ, ಅಂದರೆ ಮುಖಕ್ಕೆ. ಒಂದೊಂದು ಅಲೆಗೂ ಬೋಟು ಬಡಿದುಕೊಳ್ಳುತ್ತಿತ್ತು. ಉಳಿದವರೆಲ್ಲ ವಾಂತಿ ಮಾಡಿಕೊಂಡು ಮಲಗಿದ್ದಾಗ ನಾನು ಅನ್ನ ಬೇಯಿಸುತ್ತಿದ್ದೆ. ಆ ಕ್ಯಾಪ್ಟನ್ನು ನನ್ನನ್ನು ಗಮನಿಸಿದ್ದು ಆಗಲೇ ಇರಬೇಕು.

ಸೂಯೆಜ್ ದಾಟಿ ಫ್ರಾನ್ಸಿನ ಆಂಟೀಬ್‌ಗೆ ಬಂದೆವು. ಅಲ್ಲಿನ ಪೋರ್ಟ್ ವೊಬಾನ್ ಯಾಟಿನವರ ಸಂತೆ ಇದ್ದಂತೆ. ಬೆಳಿಗ್ಗೆ ಏಳಕ್ಕೇ ಹುಡುಗ ಹುಡುಗಿಯರು ಬಯೋಡೇಟಾ ಹಿಡಿದು ಧಕ್ಕೆಯುದ್ದಕ್ಕೂ ನಡೆಯುತ್ತಾ "ಇವತ್ತು ಕೆಲಸ ಇದೆಯಾ?" ಅಂತ ಕೇಳುತ್ತಾರೆ. ನಾನೂ ನಡೆದೆ. ನನ್ನ ಪಾಸ್‌ಪೋರ್ಟ್ ನೋಡಿ ಹಲವರು ನಯವಾಗಿಯೇ ತಲೆಯಾಡಿಸಿದರು. ಅವರಿಗೆ ವೀಸಾದ ತಲೆನೋವು ಬೇಡ, ಅಷ್ಟೆ. ಒಬ್ಬರು ಮಾತ್ರ "ವಾರ್ನಿಷ್ ಮಾಡ್ತೀಯಾ?" ಅಂದರು. ಹೂಂ ಅಂದೆ.

ಅರ್ಧ ಸುಳ್ಳು ಅದು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಅಪ್ಪನ ಜೊತೆ ದೋಣಿಗೆ ಗೇರು ಎಣ್ಣೆ ಬಳಿದಿದ್ದೆ. ಅದಕ್ಕೂ ಇದಕ್ಕೂ ಬಹಳ ದೂರ. ಯಾಟಿನ ರೇಲಿಂಗಿಗೆ ತೆಳುವಾಗಿ ಏಳೆಂಟು ಕೋಟ್ ಬೀಳಬೇಕು. ಎರಡು ಕೋಟಿನ ನಡುವೆ 320 ನಂಬರಿನ ಮರಳು ಕಾಗದ. ಬೆಳಿಗ್ಗೆ ಗಾಳಿ ಏಳುವ ಮೊದಲು ಶುರು ಮಾಡಬೇಕು, ಧೂಳು ಏಳದ ಹಾಗೆ ಸುತ್ತ ನೀರು ಚಿಮುಕಿಸಬೇಕು. ಬಿಸಿಲು ಏರಿದರೆ ಗುಳ್ಳೆ. ಬ್ರಶ್ಶು ಎಲ್ಲಿ ನಿಲ್ಲಿಸುತ್ತೀಯೋ ಅಲ್ಲಿ ಅಂಚು ಒಣಗಲು ಬಿಡಬಾರದು. ನನ್ನ ಮೊದಲ ಕೋಟಿನಲ್ಲಿ ಒಂದು ಸೊಳ್ಳೆ ಸಿಕ್ಕಿಕೊಂಡು ಸತ್ತಿತ್ತು. ಅಷ್ಟೂ ಕೆರೆದು ಮತ್ತೆ ಹಚ್ಚಿದೆ. ಯಾರೂ ಹೇಳಿರಲಿಲ್ಲ. ಕೆಲಸ ಖಾಯಂ ಆದದ್ದು ಆ ಸೊಳ್ಳೆಯಿಂದ ಅಂತಲೇ ನನ್ನ ನಂಬಿಕೆ.

ಬೇಸಿಗೆಯೆಲ್ಲ ಮೆಡಿಟರೇನಿಯನ್, ಚಳಿಗಾಲಕ್ಕೆ ಕೆರಿಬಿಯನ್. ನಡುವೆ ಅಟ್ಲಾಂಟಿಕ್. ವರ್ಷದಲ್ಲಿ ನಿಜವಾದ ಕಡಲು ಸಿಗುವುದು ಆ ಎರಡು ಸಲವೇ. ನವೆಂಬರಿನಲ್ಲಿ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಹೊರಟು ಮೊದಲು ತೆಂಕಕ್ಕೆ ಇಳಿಯುತ್ತೇವೆ. ಬೆಣ್ಣೆ ಕರಗುವವರೆಗೆ ತೆಂಕಕ್ಕೆ, ಆಮೇಲೆ ಪಡುವಣಕ್ಕೆ ಅಂತ ಹಳೇ ನಾವಿಕರ ಮಾತು. ಅಲ್ಲಿ ವ್ಯಾಪಾರ ಮಾರುತ ಬೆನ್ನಿಗೆ ಸಿಗುತ್ತದೆ. ಸುಮಾರು 2,700 ನಾಟಿಕಲ್ ಮೈಲು. ಬೆಳಿಗ್ಗೆ ಡೆಕ್ಕಿನ ಮೇಲೆ ಹಾರುಮೀನು ಬಿದ್ದಿರುತ್ತವೆ.

ಎರಡನೇ ದಾಟುವಿಕೆಯಲ್ಲಿ ನನ್ನ ಕಾವಲು ರಾತ್ರಿ ಹನ್ನೆರಡರಿಂದ ನಾಲ್ಕು. ಮೂರರ ಹೊತ್ತಿಗೆ ಬೆನ್ನ ಹಿಂದೆ ನಕ್ಷತ್ರಗಳು ಒಂದೊಂದಾಗಿ ಕಾಣದಾದವು. ಕುತ್ತಿಗೆಗೆ ತಣ್ಣನೆ ಗಾಳಿ ತಾಗಿತು. ಇದೇನು ಅಂತ ನನಗೆ ಗೊತ್ತಿತ್ತು. ಅಪ್ಪ ಆಗಿದ್ದರೆ ಆ ಕ್ಷಣವೇ ಹಾಯಿ ಇಳಿಸುತ್ತಿದ್ದ. ಕ್ಯಾಪ್ಟನ್ ಈಗಷ್ಟೇ ಮಲಗಿದ್ದಾರೆ, ಸುಮ್ನೆ ಎಬ್ಬಿಸಿದರೆ ಏನಂದುಕೊಳ್ಳುತ್ತಾರೋ ಅಂತ ಐದು ನಿಮಿಷ ಕಾದೆ. ಮಳೆ ಗೋಡೆಯ ಹಾಗೆ ಬಂತು. ಗಾಳಿ 18 ನಾಟ್‌ನಿಂದ 35ಕ್ಕೆ ಹಾರಿತು. ಮುಂದಿನ ಹಾಯಿ ಕೆಳಗಿನಿಂದ ಮೇಲಕ್ಕೆ ಸೀಳಿಹೋಯಿತು. ಕ್ಯಾಪ್ಟನ್ ಓಡಿ ಬಂದು ಚುಕ್ಕಾಣಿ ಹಿಡಿದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ಕೆರಿಬಿಯನ್ನಿನ ಆಂಟಿಗ್ವಾ ದ್ವೀಪ ಮುಟ್ಟುವವರೆಗೆ ಸಣ್ಣ ಹಾಯಿಯಲ್ಲೇ ತೆವಳಿದೆವು. ಈಗ ನನ್ನ ಬೋಟಿನಲ್ಲಿ ರಾತ್ರಿ ಕಾವಲಿನವರಿಗೆ ಬರೆದಿಟ್ಟ ಸೂಚನೆಯ ಮೊದಲ ಸಾಲು: ಎಬ್ಬಿಸಲೋ ಬೇಡವೋ ಅನಿಸಿದರೆ ಎಬ್ಬಿಸಿಯಾಗಿರಬೇಕು.

ಡೆಕ್‌ಹ್ಯಾಂಡಿಂದ, ಅಂದರೆ ಡೆಕ್ಕಿನ ಕೆಲಸಗಾರನಿಂದ, ಮೇಲೇರಲು ಕಾಗದ ಬೇಕು. 2011ರಲ್ಲಿ ಯಾಟು ನಡೆಸುವ ಅರ್ಹತೆಯ ಯಾಟ್‌ಮಾಸ್ಟರ್ ಆಫ್‌ಶೋರ್ ಪರೀಕ್ಷೆಗೆ ಕೂತೆ. ಕನಿಷ್ಠ 50 ದಿನ ಕಡಲಿನಲ್ಲಿ, 2,500 ಮೈಲು ಓಡಿಸಿದ ಲೆಕ್ಕ ತೋರಿಸಬೇಕು. ಅಪ್ಪನ ಬೋಟಿನಲ್ಲಿ ಕಳೆದ ವರ್ಷಗಳಿಗೆ ಲಾಗ್‌ಬುಕ್ ಇಲ್ಲ, ಹಾಗಾಗಿ ಲೆಕ್ಕಕ್ಕೂ ಇಲ್ಲ. ಪರೀಕ್ಷೆಯಲ್ಲಿ ಒಂದು ಭಾಗ ಕುರುಡು ಪಯಣ. ಹೊರಗೆ ನೋಡುವಂತಿಲ್ಲ. ಕೆಳಗೆ ಚಾರ್ಟ್ ಮುಂದೆ ಕೂತು, ನೀರಿನ ಆಳದ ಅಂಕಿ ಮಾತ್ರ ಓದುತ್ತಾ ಬೋಟನ್ನು ಒಂದು ಬೋಯ, ಅಂದರೆ ನೀರಿನ ಮೇಲೆ ತೇಲುವ ಗುರುತಿನ, ಹತ್ತಿರ ಒಯ್ಯಬೇಕು. ಜೊತೆಗಿದ್ದವರು ಬೆವರುತ್ತಿದ್ದರು. ನನಗೋ, ಅಪ್ಪ ಗಳ ಊರಿ ಆಳ ಕೂಗುತ್ತಿದ್ದ ಅಳಿವೆಯೇ ಕಣ್ಣ ಮುಂದೆ. ಬೋಯ ಎಡಕ್ಕೆ ಹತ್ತು ಮೀಟರಲ್ಲಿ ಸಿಕ್ಕಿತು.

ಆಮೇಲೆ ಕ್ಯಾಪ್ಟನ್ನಿನ ಕೆಳಗಿನ ಮೇಟ್ ಆದೆ, ಆಮೇಲೆ ಕ್ಯಾಪ್ಟನ್. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ, ಬರೀ ಬಿಲ್ಲು, ಮರೀನಾ ಬುಕಿಂಗು, ಹುಡುಗರ ಜಗಳ. ಸಂಬಳ ಚೆನ್ನಾಗಿದೆ, ಖರ್ಚಿಗೆ ಜಾಗವೇ ಇಲ್ಲ. ಆದರೆ ಸೀಸನ್ ಮೇನಿಂದ ಸೆಪ್ಟೆಂಬರ್. ಇಷ್ಟು ವರ್ಷದಿಂದ ನಾನು ಊರಿನ ಮಳೆಗಾಲ ನೋಡಿಲ್ಲ.

ಕಳೆದ ಫೆಬ್ರವರಿಯಲ್ಲಿ ರಜೆಗೆ ಹೋಗಿದ್ದೆ. ಅಪ್ಪ ಈಗ ದೊಡ್ಡ ಬೋಟು ಬಿಟ್ಟು ಹೊಳೆಯಲ್ಲಿ ಸಣ್ಣ ಪಾತಿದೋಣಿ ಓಡಿಸುತ್ತಾನೆ. ವಾರ್ನಿಷ್ ವಿಮಾನದಲ್ಲಿ ಬಿಡುವುದಿಲ್ಲ, ಗೋವಾದಿಂದ ಬಸ್ಸಿನಲ್ಲಿ ತಂದೆ. ದೋಣಿಯ ಅಂಚಿಗೆ ಆರು ಕೋಟ್ ಹಚ್ಚಿದೆ, ಮುಖ ಕಾಣಬೇಕು ಹಾಗೆ. ಅಪ್ಪ ಬಂದು ಅಂಚಿನ ಮೇಲೆ ಕಾಲಿಟ್ಟು ನೋಡಿದ.

"ಜಾರ್ತದೆ ಮಗಾ" ಅಂದ. ಮರಳು ಕಾಗದ ಉಳಿದಿದೆಯಾ ಅಂತ ಕೇಳಿದ.