ಉಸಿರು ಕಲಿಸಿದ್ದು ಪಕ್ಕದವರ ತಲೆ

ಫ್ರೀಸ್ಟೈಲ್ ಈಜನ್ನು ನಾನು ಬೇರೆಯವರನ್ನು ನೋಡಿಯೇ ಕಲಿತೆ. ಕೈ ಬೀಸುವುದು, ಕಾಲು ಬಡಿಯುವುದು ಹೇಗೋ ಬಂತು. ಸತಾಯಿಸಿದ್ದು ಉಸಿರು.

ಚೆನ್ನಾಗಿ ಈಜುವವರಲ್ಲಿ ಹೆಚ್ಚುಕಡಿಮೆ ನನ್ನದೇ ಮೈಕಟ್ಟಿನ ಒಬ್ಬರನ್ನು ಆರಿಸಿಕೊಂಡೆ. ತೀರಾ ವೇಗದವರು ಬೇಡ, ಏನೂ ಕಾಣಿಸುವುದಿಲ್ಲ. ಕೈಕಾಲು ಬಿಟ್ಟು ತಲೆಯನ್ನಷ್ಟೇ ನೋಡಿದೆ. ಅದು ಮೇಲೇಳುವುದೇ ಇಲ್ಲ! ಭುಜ, ಸೊಂಟ ಪಕ್ಕಕ್ಕೆ ಹೊರಳುತ್ತವೆ, ಮುಖವೂ ಜೊತೆಗೇ ಹೊರಳುತ್ತದೆ. ಗಾಗಲ್ಸಿನ ಒಂದು ಗಾಜು ನೀರೊಳಗೇ ಇರುತ್ತದೆ. ತಲೆ ಮುಂದೆ ಸಾಗುವಾಗ ಪಕ್ಕದಲ್ಲಿ ನೀರು ಸ್ವಲ್ಪ ತಗ್ಗುತ್ತದೆ, ಬಾಯಿ ತೆರೆಯುವುದು ಆ ತಗ್ಗಿನಲ್ಲಿ. ಉಸಿರು ಬಿಡುವುದೆಲ್ಲ ನೀರೊಳಗೆ. ಗುಳ್ಳೆ ನೋಡಿದರೆ ಗೊತ್ತಾಗುತ್ತದೆ. ತಲೆ ಎತ್ತಿದರೆ ಕಾಲು ಮುಳುಗುತ್ತದೆ, ಅಲ್ವಾ? ಅವರ ಕಾಲು ಮೇಲೇ ತೇಲುತ್ತಿದ್ದುದು ಅದಕ್ಕೇ.

ನೋಡಿದ ಕೂಡಲೇ ನೀರಿಗಿಳಿಯುತ್ತಿದ್ದೆ. ಸುಮ್ನೆ ನೋಡುತ್ತಾ ಕೂತರೆ ನಮಗೂ ಬಂದೇಬಿಟ್ಟಿತು ಅನ್ನಿಸುತ್ತದೆ. ಮೈಕೆಲ್ ಕಾರ್ಡಸ್ ಮತ್ತು ಎಡ್ ಓಬ್ರಯನ್ ಎಂಬ ಸಂಶೋಧಕರು 2018ರಲ್ಲಿ ಇದನ್ನೇ ತೋರಿಸಿದರು. ಡಾರ್ಟ್ಸ್ ಎಸೆಯುವ ವಿಡಿಯೋವನ್ನು ಮತ್ತೆ ಮತ್ತೆ ನೋಡಿದವರಿಗೆ ಧೈರ್ಯ ಜಾಸ್ತಿಯಾಯಿತು, ಗುರಿ ಮಾತ್ರ ಸುಧಾರಿಸಲಿಲ್ಲ.

ನನಗೆ ಹೆಚ್ಚು ಸಿಕ್ಕಿದ್ದು ಎರಡನೇ ಸುತ್ತಿನ ನೋಟದಲ್ಲಿ. ನೀರು ಕುಡಿದು, ಕೆಮ್ಮಿ, ದಡ ಹಿಡಿದು ನಿಂತು ಅದೇ ಮನುಷ್ಯರನ್ನು ಮತ್ತೆ ನೋಡಿದೆ. ಅವರು ಉಸಿರೆಳೆಯುವಾಗ ಮುಂದಿನ ಕೈ ಚಾಚಿಕೊಂಡೇ ಇತ್ತು! ನನ್ನ ಕೈ ಅಷ್ಟರಲ್ಲಿ ಕೆಳಗೆ ಜಾರಿಬಿಡುತ್ತಿತ್ತು. ಮೊದಲೂ ಕಣ್ಣೆದುರೇ ಇದ್ದದ್ದು, ಆದರೆ ಕಂಡಿರಲಿಲ್ಲ. 2005ರ ಒಂದು ಅಧ್ಯಯನದಲ್ಲಿ ಬ್ಯಾಲೆ ನೃತ್ಯ ಕಲಿತವರಿಗೂ, ಬ್ರೆಜಿಲ್‌ನ ಕುಣಿತದಂಥ ಕಾಳಗದ ಕಲೆ ಕಪೊಯೆರಾ ಕಲಿತವರಿಗೂ ಎರಡರ ವಿಡಿಯೋಗಳನ್ನೂ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದ್ದರು. ತಮ್ಮ ಮೈಗೆ ಗೊತ್ತಿರುವ ಚಲನೆ ನೋಡಿದಾಗ, ಚಲನೆಗೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾದವು. ನನಗಾದದ್ದೂ ಅದೇ ಜಾತಿಯದಿರಬೇಕು.

ನೋಡುವ ಜಾಗವೂ ಮುಖ್ಯ. ಎದುರಿಗೆ ನಿಂತರೆ ಎಡಬಲ ತಲೆಕೆಳಗಾಗುತ್ತದೆ. ನಾನು ಅವರು ಹೋಗುವ ದಿಕ್ಕಿಗೇ ಮುಖ ಮಾಡಿ, ಹಿಂದಿನಿಂದ ನೋಡುತ್ತಿದ್ದೆ.

ಈಗ ಗೋಡೆ ಹತ್ತಿರ ಮಗುಚಿ ತಿರುಗುವ ಫ್ಲಿಪ್ ಟರ್ನ್ ಹಿಂದೆ ಬಿದ್ದಿದ್ದೇನೆ. ದಡದಿಂದ ನೋಡಿದರೆ ಬರೀ ನೀರು ಚಿಮ್ಮುವುದು ಕಾಣುತ್ತದೆ. ಪಕ್ಕದ ಲೇನಿನಲ್ಲಿ ಮುಳುಗಿ ನೋಡಿದರೆ ಪಾದ ಗೋಡೆಗೆ ತಾಗುವ ಕ್ಷಣ ಸಿಗುತ್ತದೆ: ಕಾಲ್ಬೆರಳು ಮೇಲ್ಮುಖ, ಬೆನ್ನು ಕೆಳಗೆ, ಮೈ ಹೊರಳುವುದು ಗೋಡೆ ಒದ್ದ ಮೇಲೆ.