ಗುರಿ ಬರೆಸಿದ್ದಾಯಿತು, ಆಮೇಲೆ?

ಮೊದಲ ವರ್ಷ ನಾನೂ ಎಲ್ಲರ ಹಾಗೇ ಮಾಡಿದೆ. ಶಾಲೆ ಶುರುವಾದ ವಾರ ಏಳನೇ ತರಗತಿಯ ಮಕ್ಕಳ ಕೈಲಿ ಬಣ್ಣದ ಕಾಗದದ ಮೇಲೆ ‘ಈ ವರ್ಷದ ನನ್ನ ಗುರಿ’ ಬರೆಸಿ ಗೋಡೆಗೆ ಅಂಟಿಸಿದೆ. ‘ಚೆನ್ನಾಗಿ ಓದುತ್ತೇನೆ’, ‘ಫಸ್ಟ್ ರ‍್ಯಾಂಕ್ ಬರುತ್ತೇನೆ’. ಹೆಚ್ಚುಕಮ್ಮಿ ಎಲ್ಲ ಕಾಗದದಲ್ಲೂ ಇವೆರಡೇ. ಎರಡು ತಿಂಗಳಾದ ಮೇಲೆ ಒಬ್ಬ ಹುಡುಗನಿಗೆ, “ನಿನ್ನ ಗುರಿ ಏನಪ್ಪಾ?” ಎಂದೆ. ಅವನು ಗೋಡೆ ಕಡೆ ತಿರುಗಿ ಓದಿ ಹೇಳಿದ!

ಮುಂದಿನ ವರ್ಷ ಬರೆಸುವ ಮೊದಲು ಒಂದು ಆಟ ಆಡಿಸಿದೆ. ಕಸದ ಬುಟ್ಟಿಗೆ ಕಾಗದದ ಉಂಡೆ ಎಸೆಯುವುದು. ಎಲ್ಲಿ ನಿಲ್ಲಬೇಕೆಂದು ಅವರೇ ಆರಿಸಿಕೊಳ್ಳಬೇಕು. ಬುಟ್ಟಿ ಪಕ್ಕದಲ್ಲೇ ನಿಂತವರಿಗೆ ಎರಡೇ ಸಲಕ್ಕೆ ಬೇಜಾರು. ಬಾಗಿಲ ಹತ್ತಿರ ನಿಂತವರು ಸುಮ್ನೆ ನಕ್ಕು ಕೈಬಿಟ್ಟರು. ನಡುವೆ ನಿಂತವರು ಮಾತ್ರ ಗಂಟೆ ಹೊಡೆದರೂ ಎಸೆಯುತ್ತಲೇ ಇದ್ದರು. ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲಂಡ್ ರಿಂಗ್ ಎಸೆಯುವ ಇಂಥದೇ ಆಟದಿಂದ ಜನರ ಸ್ವಭಾವ ಗಮನಿಸಿದ್ದರಂತೆ. ಅದನ್ನು ನಾನು ಓದಿದ್ದು ಆಮೇಲೆ.

ಆಮೇಲೆ ಬೋರ್ಡಿನ ಮೇಲೆ ಎರಡು ಕಲಂ: ‘ನನ್ನ ಕೈಲಿದೆ’, ‘ನನ್ನ ಕೈಲಿಲ್ಲ’. ರ‍್ಯಾಂಕ್ ಎಲ್ಲಿ ಹೋಗಬೇಕು ಅಂತ ದೊಡ್ಡ ಜಗಳವೇ ಆಯಿತು. “ಪಕ್ಕದವನು ಜಾಸ್ತಿ ಓದಿದರೆ ನಾನೇನು ಮಾಡಲಿ?” ಎಂದು ಒಬ್ಬಳು ಕೇಳಿದ ಮೇಲೆ ಅದು ಎರಡನೇ ಕಲಂಗೆ ಹೋಯಿತು.

ನಿಜವಾಗಿ ಕೆಲಸ ಮಾಡಿದ್ದು ‘ಹೀಗಾದರೆ’ ಚೀಟಿ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಜರ್ 1999ರಲ್ಲಿ ಬರೆದ ಲೇಖನದಿಂದ ಸಿಕ್ಕ ಉಪಾಯ ಇದು: ‘ಹೀಗಾದರೆ ಹಾಗೆ ಮಾಡುತ್ತೇನೆ’ ಎಂದು ಮೊದಲೇ ಗೊತ್ತು ಮಾಡಿಕೊಳ್ಳುವುದು. ‘ದಿನಾ ಗಣಿತ ಮಾಡುತ್ತೇನೆ’ ಎಂದಿದ್ದವನು ತಿದ್ದಿ ಬರೆದ: ‘ಊಟ ಆದ ಕೂಡಲೇ ಎರಡು ಲೆಕ್ಕ. ಅಣ್ಣ ಟಿವಿ ಹಾಕಿದರೆ ಪುಸ್ತಕ ಎತ್ತಿಕೊಂಡು ಒಳಗಿನ ಕೋಣೆಗೆ.’ ಅಣ್ಣನ ಕಾಟ ಅವನಿಗಲ್ಲದೆ ನನಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಚೀಟಿ ಗೋಡೆಗಲ್ಲ, ಅವರವರ ನೋಟ್‌ಬುಕ್ಕಿಗೆ. ಶುಕ್ರವಾರ ಕೊನೆಯ ಹತ್ತು ನಿಮಿಷ ಜೋಡಿಯಾಗಿ ಕೂತು ನೋಡುತ್ತಾರೆ. ಆಗಲಿಲ್ಲವೆಂದರೆ ಬೈಗುಳವಿಲ್ಲ, ಗುರಿ ಚಿಕ್ಕದು ಮಾಡಬಹುದು. ವಾರಕ್ಕೊಂದು ಪ್ರಶ್ನೆ ಕೇಳುತ್ತೇನೆ ಎಂದಿದ್ದ ಹುಡುಗಿಗೆ ಮೂರು ವಾರವೂ ಬಾಯಿ ಬರಲಿಲ್ಲ. ಪ್ರಶ್ನೆ ಬರೆದು ಕೊಡುವುದಕ್ಕೆ ಇಳಿಸಿಕೊಂಡಳು, ನಡೆಯಿತು. ನಕ್ಷತ್ರ ಅಂಟಿಸುವ ಚಾರ್ಟನ್ನೂ ಮಾಡಿ ನೋಡಿದೆ. ಕಡಿಮೆ ನಕ್ಷತ್ರದವರು ಆ ಕಡೆ ನೋಡುವುದನ್ನೇ ಬಿಟ್ಟರು. ಕಿತ್ತು ಹಾಕಿದೆ.

ಪರೀಕ್ಷೆ ಹತ್ತಿರ ಬಂದಾಗ ಆ ಹತ್ತು ನಿಮಿಷ ತಪ್ಪಿಸುತ್ತಿದ್ದವಳು ನಾನೇ. ಈಗ ನನ್ನ ಮೇಜಿನ ಮೇಲೂ ಒಂದು ಚೀಟಿ ಇದೆ: ‘ಶುಕ್ರವಾರ ಪಾಠ ಮುಗಿಯದಿದ್ದರೆ, ಉಳಿದದ್ದು ಸೋಮವಾರಕ್ಕೆ.’