‘ಚಾರ್ಜ್’ ಪದವನ್ನು ಪಳಗಿಸಿಕೊಳ್ಳುವುದು ಹೇಗೆ?

ರಾಯಚೂರು ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ಈ ಪದ ನಾನಾ ವೇಷದಲ್ಲಿ ಕಿವಿಗೆ ಬೀಳುತ್ತದೆ. ‘ಮಾನ್ವಿಗೆ ಚಾರ್ಜ್ ಎಷ್ಟ್ರೀ?’, ‘ಫೋನ್ ಚಾರ್ಜಿಗೆ ಹಚ್ಚು’, ‘ಹೊಸ ಸಾಹೇಬ್ರು ಚಾರ್ಜ್ ತಗೊಂಡ್ರು’, ‘ಚಾರ್ಜ್‌ಶೀಟ್ ಹಾಕ್ಯಾರಂತ’. ಇಂಗ್ಲಿಷ್ ಪರೀಕ್ಷೆಗೆ ಓದುವವರು ನಿಘಂಟು ಉರು ಹೊಡೆಯುವ ಮೊದಲು ಇಂಥ ಮಾತುಗಳನ್ನೇ ಹಾಳೆಯ ಮೇಲೆ ಬರೆದುಕೊಳ್ಳಲಿ.

ಆಮೇಲೆ ಬೇರು ಹಿಡಿಯಬೇಕು. ಲ್ಯಾಟಿನ್‌ನಲ್ಲಿ ಹುಟ್ಟಿ ಫ್ರೆಂಚ್ ದಾಟಿ ಬಂದ ಈ ಪದದ ಮೂಲಾರ್ಥ ಬಂಡಿಗೆ ಹೇರು ಹೇರುವುದು. ‘ಕಾರ್ಗೋ’ ಇದರ ನೆಂಟ. ಬಂದೂಕಿಗೆ ಮದ್ದು ತುಂಬಿದರೂ ಚಾರ್ಜ್, ಬ್ಯಾಟರಿಗೆ ಕರೆಂಟು ತುಂಬಿದರೂ ಚಾರ್ಜ್. ಗಿರಾಕಿ ಮೇಲೆ ಹಣದ ಹೊರೆ, ಅಧಿಕಾರಿ ಮೇಲೆ ಹುದ್ದೆಯ ಹೊಣೆ, ಆರೋಪಿ ಮೇಲೆ ಅಪರಾಧದ ಭಾರ. ಲಾಠಿ ಚಾರ್ಜ್ ಮಾತ್ರ ಈ ಸಾಲಿನಲ್ಲಿ ಸಲೀಸಾಗಿ ಕೂರುವುದಿಲ್ಲ. ಅಲ್ಲಿರುವುದು ಮೇಲೆರಗುವ ಅರ್ಥ. ಬೇರೆಯೇ ನೆನಪಿಡುವುದು ವಾಸಿ.

ಹೆಚ್ಚಿನವರು ಎಡವುವುದು ಪದದ ಅಕ್ಕಪಕ್ಕದ ಪುಟ್ಟ ಪದಗಳಲ್ಲಿ. ಸೇವೆಗೆ ಹಣ ಕೇಳಿದರೆ ‘ಚಾರ್ಜ್ ಫಾರ್’, ಅಪರಾಧ ಹೊರಿಸಿದರೆ ‘ಚಾರ್ಜ್ ವಿತ್’. ‘ದ ನರ್ಸ್ ಈಸ್ ಇನ್ ಚಾರ್ಜ್ ಆಫ್ ದ ಚಿಲ್ಡ್ರನ್’ ಎಂದರೆ ಮಕ್ಕಳ ಹೊಣೆ ನರ್ಸಿನದು. ‘ದ ಚಿಲ್ಡ್ರನ್ ಆರ್ ಇನ್ ದ ಚಾರ್ಜ್ ಆಫ್ ದ ನರ್ಸ್’ ಎಂದರೂ ಸಂಗತಿ ಅದೇ, ಆದರೆ ಮಾತು ಮಕ್ಕಳ ಕಡೆಯಿಂದ ಹೊರಟಿದೆ. ಆ ಒಂದು ‘ದ’ ಬಿಟ್ಟರೆ ಮಕ್ಕಳೇ ನರ್ಸನ್ನು ಸಂಭಾಳಿಸಿದಂತಾಗುತ್ತದೆ! ಇವೆರಡನ್ನೂ ಬಾಯಿಬಿಟ್ಟು ಹೇಳಿ ರೂಢಿ ಮಾಡಿಕೊಳ್ಳಿ.

ಇನ್ನು ಹಾಳೆಯಲ್ಲಿ ಬರೆದದ್ದನ್ನು ಜಾಲಾಡಿ. ಬಸ್ಸಿನ ಚಾರ್ಜ್ ನಮ್ಮಲ್ಲಿ ನಡೆಯುತ್ತದೆ, ಇಂಗ್ಲಿಷಿನಲ್ಲಿ ಅದು ‘ಫೇರ್’. ವಕೀಲರಿಗೆ, ಡಾಕ್ಟರಿಗೆ ಕೊಡುವುದು ‘ಫೀ’. ಜೆಸ್ಕಾಂ ಕರೆಂಟ್ ಬಿಲ್ಲಿನ ಫಿಕ್ಸೆಡ್ ಚಾರ್ಜ್, ಗಂಜ್ ಮಾರುಕಟ್ಟೆಯ ಹಮಾಲಿ ಚಾರ್ಜ್ ಸರಿಯಾಗಿಯೇ ಇವೆ. ಚಾರ್ಜ್‌ಶೀಟ್ ಬಗ್ಗೆ ಒಂದು ಮಾತು: ಅದನ್ನು ಸಲ್ಲಿಸುವವರು ಪೊಲೀಸರು. ‘ಚಾರ್ಜ್ ಫ್ರೇಮ್’ ಮಾಡುವುದು ಅದನ್ನು ಪರಿಶೀಲಿಸಿದ ಮೇಲೆ ನ್ಯಾಯಾಲಯ. ಶಿಕ್ಷೆಯ ಮಾತು ಇನ್ನೂ ದೂರ.

ಕೊನೆಗೆ ಹಿಂದೆ ಮುಂದೆ ತುಣುಕು ಸೇರಿಸಿ ನೋಡಿ. ‘ಡಿಸ್’ ಸೇರಿದರೆ ಹೊರೆ ಇಳಿಯುತ್ತದೆ: ಆಸ್ಪತ್ರೆಯಿಂದ ರೋಗಿ ಡಿಸ್ಚಾರ್ಜ್, ಮುನಿರಾಬಾದಿನ ತುಂಗಭದ್ರಾ ಜಲಾಶಯದಿಂದ ನೀರು ಡಿಸ್ಚಾರ್ಜ್. ಈ ಎರಡನೆಯದನ್ನು ಅಳೆಯುವುದು ಕ್ಯುಸೆಕ್‌ನಲ್ಲಿ.